ಆ ಎಣ್ಣೆಗೆ ಹೆದರಬೇಡ ಮಮ್ಮಿ

ಗಾಲ್ವೇ, ಐರ್ಲೆಂಡ್
ಆಗಸ್ಟ್ 21

ಪ್ರೀತಿಯ ಪಪ್ಪಾ, ಮಮ್ಮಿ,

ನಾವು ಮೂವರೂ ಕ್ಷೇಮ. ಪಪ್ಪನ ಕಾಗದ ಸೋಮವಾರ ಸಿಕ್ಕಿತು. ಮೂರು ಸಲ ಓದಿದೆ. ರೋಶನ್‌ಗೂ ಓದಿ ಹೇಳಿದೆ.

ಫೋನಿನಲ್ಲೇ ಮಾತಾಡಬಹುದಿತ್ತು. ಆದರೆ ಈ ವಿಷಯ ಎತ್ತಿದ ಕೂಡಲೇ ಮಮ್ಮಿ ಅಳುತ್ತಾಳೆ, ಫೋನು ಐವನ್ ಕೈಗೆ ಹೋಗುತ್ತದೆ. ಅದಕ್ಕೇ ಬರೆಯಲು ಕೂತೆ. ವಾಟ್ಸಾಪ್‌ಗೆ ಹಾಕುತ್ತೇನೆ, ಐವನ್ ಪೇಟೆಗೆ ಹೋದಾಗ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆಸಿ ಕೊಡಲಿ. ಮಾತು ಕೊಂಕಣಿ, ಕಾಗದ ಕನ್ನಡ ಅಂತ ಪಪ್ಪಾ ಹಾಕಿಕೊಟ್ಟ ಅಭ್ಯಾಸ ಹಾಗೇ ಉಳಿದಿದೆ ನೋಡಿ.

ಪಪ್ಪಾ ಬರೆದದ್ದು ಇಷ್ಟು. ನಮ್ಮ ಇಗರ್ಜಿಯ ಮುಖ್ಯ ಫಾದರ್, ವಿಗಾರರು, ಆದಿತ್ಯವಾರ ಪೂಜೆ ಮುಗಿದ ಮೇಲೆ ಮಮ್ಮಿಯ ಹತ್ತಿರ ಬಂದು, ಬೈಪಾಸ್ ಆಪರೇಷನ್‌ಗೆ ಮೊದಲು ಅಭ್ಯಂಗ ಸಂಸ್ಕಾರ, ಅಂದರೆ ಕಾಯಿಲೆಯವರಿಗೆ ಪವಿತ್ರ ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರ, ಕೊಡುತ್ತೇನೆ, ಯಾವತ್ತು ಮನೆಗೆ ಬರಲಿ ಅಂತ ಕೇಳಿದರು. ಮಮ್ಮಿ ಅಲ್ಲಿ ಏನೂ ಹೇಳಲಿಲ್ಲ. ಮನೆಗೆ ಬಂದು, 'ನನ್ನನ್ನು ಕಳಿಸಲು ಎಲ್ಲರೂ ತಯಾರಿ ಮಾಡಿದ್ದೀರಾ' ಅಂದಳು. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಈಗ ಆಪರೇಷನ್ನೇ ಬೇಡ ಅನ್ನುತ್ತಿದ್ದಾಳೆ.

ಮಮ್ಮಿ, ನಿನಗೆ ಆಬ್, ನಮ್ಮ ಅಜ್ಜ, ನೆನಪಾದರು ಅಲ್ವಾ? ನನಗೂ ಅದೇ ನೆನಪಾಯಿತು. ನಾನಾಗ ನಾಲ್ಕನೇ ಕ್ಲಾಸು. ಜೋರು ಮಳೆ. ಫಾದರ್ ಗದ್ದೆಯ ಬದುವಿನ ಮೇಲೆ ಕೊಡೆ ಹಿಡಿದುಕೊಂಡು ಬಂದರು, ಮುಂದೆ ಒಬ್ಬ ಟಾರ್ಚ್ ಹಿಡಿದಿದ್ದ. ನೀವೆಲ್ಲ ಮೊಣಕಾಲೂರಿ ಕೂತಿದ್ದಿರಿ. ಆಬ್‌ನ ಹಣೆಗೆ, ಅಂಗೈಗೆ ಎಣ್ಣೆ ಹಚ್ಚಿದರು. ಬೆಳಗಾಗುವ ಮೊದಲೇ ಆಬ್ ಹೋದರು. ಜುಲಿಯಾನಾ ಬಾಯಿ ಜಗಲಿಯಲ್ಲಿ ನಿಂತು, 'ಎಣ್ಣೆ ಬಿತ್ತು, ಜೀವ ಹೋಯಿತು' ಅಂದದ್ದು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ.

ಆದರೆ ಇನ್ನೊಂದು ಮಾತೂ ನೆನಪಿದೆ. ಆಬ್ ಮಲಗಿದ ಕಡೆಯಿಂದ ಏಳದೆ ಆಗ ಹನ್ನೊಂದು ದಿನ ಆಗಿತ್ತು. ಮೊದಲನೇ ದಿನವೇ ಪಪ್ಪಾ ಫಾದರನ್ನು ಕರೆಯೋಣ ಅಂದಿದ್ದರು. ಬೇಡ, ನೋಡಿದರೆ ಹೆದರುತ್ತಾರೆ ಅಂತ ದೊಡ್ಡವರು ತಡೆದರು. ಮೂರು ದಿನ ಗಂಟಲಿನಿಂದ ನೀರೂ ಇಳಿಯದೆ ಹೋದಾಗ, ಡಾಕ್ಟರು ಕೈ ಬಿಟ್ಟ ಮೇಲೆ ಕರೆದರು. ಹೋಗುವ ಹೊತ್ತಿಗೆ ಎಣ್ಣೆಗೆ ಕರೆದದ್ದು ನಾವು. ತಪ್ಪು ಎಣ್ಣೆಯ ಮೇಲೆ ಹೊರಿಸಿದೆವು. ಊರಿನ ಎಷ್ಟು ಮನೆಗಳಲ್ಲಿ ಹೀಗೇ ಆಗಿದೆ, ನೀನೇ ಲೆಕ್ಕ ಹಾಕು. ಕಡೇ ಗಳಿಗೆವರೆಗೆ ಕಾಯುವುದು, ಆಮೇಲೆ ಫಾದರ್ ಬಂದರೆ ಸಾವು ಬಂತು ಅನ್ನುವುದು.

ಹಿಂದೆ ಅದಕ್ಕೆ 'ಕೊನೆಯ ಅಭ್ಯಂಗ' ಅಂತಲೇ ಹೆಸರಿತ್ತು, ಅದೂ ನಿಜ. ಲೋಕದ ಬಿಷಪರೆಲ್ಲ ರೋಮಿನಲ್ಲಿ ಸೇರಿದ ಎರಡನೇ ವ್ಯಾಟಿಕನ್ ಸಭೆ ಆ ಹೆಸರನ್ನು ಬದಲಿಸಿತು. 'ರೋಗಿಗಳ ಅಭ್ಯಂಗ' ಅನ್ನಿ, ಅದು ಸಾಯುತ್ತಿರುವವರಿಗೆ ಮಾತ್ರ ಇರುವುದಲ್ಲ ಅಂದಿತು. 1972ರಲ್ಲಿ ಪೋಪ್ ಆರನೇ ಪೌಲ್ ಹೊಸ ಕ್ರಮವನ್ನೂ ಕೊಟ್ಟರು. ಹೆಸರು ಬದಲಾಗಿ ಇಷ್ಟು ವರ್ಷ ಆದರೂ ನಮ್ಮ ಮನೆಗಳ ಬಾಯಲ್ಲಿ ಹಳೆಯದೇ ಕೂತಿದೆ. ದೊಡ್ಡ ಆಪರೇಷನ್‌ಗೆ ಮೊದಲು ತೆಗೆದುಕೊಳ್ಳಬಹುದು. ಗುಣವಾಗಿ ಮತ್ತೆ ಕಾಯಿಲೆ ಬಿದ್ದರೆ ಮತ್ತೊಮ್ಮೆ ತೆಗೆದುಕೊಳ್ಳಬಹುದು. ಒಂದೇ ಸಲ, ಅದೂ ಕೊನೆಗೆ ಅನ್ನುವುದಾಗಿದ್ದರೆ ಇನ್ನೊಮ್ಮೆ ಅಂತ ಯಾಕೆ ಹೇಳುತ್ತಿದ್ದರು? ಸಾಯುವವರಿಗೆ ಅಂತ ಇರುವುದು ಬೇರೆ. ಅದು ಕೊನೆಯ ಪರಮ ಪ್ರಸಾದ, ದಾರಿಬುತ್ತಿ. ಆ ಬುತ್ತಿ ನಿನಗೆ ಈಗ ಯಾರೂ ಕಟ್ಟುತ್ತಿಲ್ಲ ಮಮ್ಮಿ.

ಎಣ್ಣೆ ಹಚ್ಚುವಾಗ ಫಾದರ್ ಹೇಳುವ ಮಾತನ್ನು ಒಮ್ಮೆ ಕಿವಿಗೊಟ್ಟು ಕೇಳು. ದೇವರು ನಿನಗೆ ನೆರವಾಗಲಿ, ಪಾಪದಿಂದ ಬಿಡಿಸಲಿ, ಕಾಪಾಡಲಿ, ಎಬ್ಬಿಸಲಿ ಅನ್ನುವ ಅರ್ಥ ಅದಕ್ಕೆ. ಕಡೇ ಮಾತು 'ಎಬ್ಬಿಸಲಿ' ಅಂತ. ಯಾಕೋಬನ ಪತ್ರದ 5ನೇ ಅಧ್ಯಾಯ ಪಪ್ಪಾ ಓದಿ ಹೇಳಲಿ. ನಿಮ್ಮಲ್ಲಿ ಯಾರಾದರೂ ಕಾಯಿಲೆ ಬಿದ್ದಿದ್ದರೆ ಸಭೆಯ ಹಿರಿಯರನ್ನು ಕರೆಸಿ ಅಂತ ಅಲ್ಲಿದೆ. ಸಾಯುತ್ತಿದ್ದರೆ ಅಂತ ಇಲ್ಲ.

ಇನ್ನೂ ಒಂದು. ಇಗರ್ಜಿಯ ಎಣ್ಣೆ ನಿನಗೆ ಹೊಸದಲ್ಲ. ದೀಕ್ಷಾಸ್ನಾನದ ದಿನ ನಿನಗೆ ಹಚ್ಚಿದ್ದಾರೆ. ದೃಢೀಕರಣದಲ್ಲಿ ಹಣೆಗೆ ಹಚ್ಚಿದ್ದಾರೆ. ರೋಗಿಗಳ ಎಣ್ಣೆಯನ್ನೂ ಅವುಗಳ ಜೊತೆಗೇ, ಪವಿತ್ರ ವಾರದ ಹೊತ್ತಿಗೆ ಬಿಷಪರೇ ಆಶೀರ್ವದಿಸುತ್ತಾರೆ. ಆಮೇಲೆ ಅದು ಎಲ್ಲ ಇಗರ್ಜಿಗಳಿಗೆ ಹೋಗುತ್ತದೆ. ನೀನು ಅತ್ತೂರಿಗೆ ಹೋಗಿ ಸಂತ ಲಾರೆನ್ಸರಿಗೆ ಮೇಣದ ಬತ್ತಿ ಹಚ್ಚಿ ಬಂದೆಯಂತೆ, ಲೀನಾ ಹೇಳಿದಳು. ಒಳ್ಳೆಯದೇ ಮಾಡಿದೆ. ಅದು ನಾವು ದೇವರಿಗೆ ಕೊಡುವುದು. ಇದು ದೇವರು ನಮಗೆ ಕೊಡುವುದು. ಅದನ್ನು ಮಾಡಿ ಇದನ್ನು ಬೇಡ ಅಂದರೆ ಹೇಗೆ?

ಇಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ನನ್ನ ವಾರ್ಡಿನಲ್ಲಿ ಜಾಸ್ತಿ ಇರುವವರು ಬಿದ್ದು ಸೊಂಟದ ಹತ್ತಿರ ಮೂಳೆ ಮುರಿದುಕೊಂಡ ಮುದುಕರು, ಮುದುಕಿಯರು. ಕಳೆದ ಚಳಿಗಾಲದಲ್ಲಿ ಒಬ್ಬರು ಬಂದಿದ್ದರು. 84 ವರ್ಷ, ದನ ಸಾಕುವವರು, ಕೊಟ್ಟಿಗೆಯಲ್ಲಿ ಜಾರಿ ಬಿದ್ದದ್ದು. ರಾತ್ರಿ ನನ್ನನ್ನು ಕರೆದು, ಬೆಳಗ್ಗೆ ಆಪರೇಷನ್ ಇದೆ, ಫಾದರಿಗೆ ಹೇಳಮ್ಮ ಅಂದರು. ಒಂದು ಲೋಟ ನೀರು ಕೇಳಿದಷ್ಟು ಸಲೀಸಾಗಿ ಕೇಳಿದರು. ಫಾದರ್ ಬಂದರು. ಇಬ್ಬರು ಗಂಡುಮಕ್ಕಳು ಮಂಚದ ಆಚೀಚೆ ನಿಂತರು. ಹತ್ತು ನಿಮಿಷ ಆಯಿತೋ ಇಲ್ಲವೋ. ಆಮೇಲೆ ಆ ಅಜ್ಜ ಅಂಗೈ ಒರೆಸಿಕೊಳ್ಳದೆ ಹಾಗೇ ಹೊದಿಕೆಯ ಮೇಲೆ ಇಟ್ಟುಕೊಂಡು ನಿದ್ದೆ ಹೋದರು. ಆಪರೇಷನ್ ಆದ ಮಾರನೇ ದಿನ ನಾನೂ ಇನ್ನೊಬ್ಬಳೂ ಹಿಡಿದು ನಿಲ್ಲಿಸಿದೆವು. ಮೂರನೇ ವಾರ ವಾಕರ್ ಹಿಡಿದು ನಡೆದುಕೊಂಡೇ ಮನೆಗೆ ಹೋದರು.

ನಿನಗೆ ಸುಳ್ಳು ಬರೆಯುವುದಿಲ್ಲ. ಎಣ್ಣೆ ಹಚ್ಚಿಸಿಕೊಂಡು ತೀರಿಕೊಂಡವರನ್ನೂ ನೋಡಿದ್ದೇನೆ, ಹಚ್ಚಿಸಿಕೊಳ್ಳದೆ ತೀರಿಕೊಂಡವರನ್ನೂ ನೋಡಿದ್ದೇನೆ. ಆದರೆ ಥಿಯೇಟರಿಗೆ ಕರೆದುಕೊಂಡು ಹೋಗುವಾಗ ಆ ಅಜ್ಜನ ಮುಖದಲ್ಲಿದ್ದ ಸಮಾಧಾನ ನಿನ್ನ ಮುಖದಲ್ಲೂ ಇರಬೇಕು ಅಂತ ನನ್ನ ಆಸೆ. ಆ ಹೊತ್ತಿಗೆ ನಾನು ನಿನ್ನ ಹತ್ತಿರ ಇರುವುದಿಲ್ಲ. ರಜೆ ಸಿಕ್ಕಿರುವುದು ಅಕ್ಟೋಬರಿಗೆ. ಈ ಕೆಲಸ ನಾನೇ ಮಾಡೋಣ ಅಂದರೆ ನರ್ಸಿಗೆ ಆಗುವುದಿಲ್ಲ, ಧರ್ಮಗುರುಗಳೇ ಬೇಕು.

ಹೋದ ವರ್ಷ ನಮ್ಮ ಇಗರ್ಜಿಯವರು ಬಸ್ ಮಾಡಿ ನಾಕ್‌ಗೆ ಹೋಗಿದ್ದೆವು. ಅಲ್ಲಿ 1879ರಲ್ಲಿ, ಇವತ್ತಿನದೇ ತಾರೀಕು, ಆಗಸ್ಟ್ 21ಕ್ಕೆ, ಮಳೆಯಲ್ಲಿ ಇಗರ್ಜಿಯ ಗೋಡೆಯ ಹತ್ತಿರ ಹದಿನೈದು ಜನಕ್ಕೆ ಮಾತೆಯ ದರ್ಶನ ಆಯಿತಂತೆ. ಅಲ್ಲಿ ಅಭ್ಯಂಗಕ್ಕೆ ಜನ ಸಾಲು ಕಟ್ಟುತ್ತಾರೆ ಮಮ್ಮಿ! ಕೋಲು ಹಿಡಿದವರು, ಗಾಲಿಕುರ್ಚಿಯವರು, ನೋಡಿದರೆ ಗಟ್ಟಿಮುಟ್ಟಾಗಿ ಕಾಣುವವರು. ಹಚ್ಚಿಸಿಕೊಂಡು ಹೊರಗೆ ಬಂದು ಚಹಾ ಕುಡಿದು, ಸ್ಯಾಂಡ್‌ವಿಚ್ ತಿಂದು ಬಸ್ ಹತ್ತುತ್ತಾರೆ.

ಈ ಊರಿನವರು ಸಾವಿಗೆ ನಮ್ಮಷ್ಟು ಹೆದರುವುದಿಲ್ಲ ಅನಿಸುತ್ತದೆ. ಇಲ್ಲಿಯ ರೇಡಿಯೋದಲ್ಲಿ ದಿನಾ ತೀರಿಕೊಂಡವರ ಹೆಸರು, ಪೂಜೆಯ ಹೊತ್ತು ಎಲ್ಲ ಓದುತ್ತಾರೆ. ಮೊದಮೊದಲು ನನಗೆ ಕೇಳಲು ಕಷ್ಟ ಆಗುತ್ತಿತ್ತು. ನಮ್ಮ ಪಕ್ಕದ ಮನೆಯವರು ಒಲೆಯ ಮೇಲೆ ಕೆಟಲ್ ಇಟ್ಟು, ಅದನ್ನು ಕೇಳುತ್ತಾ, ಯಾರ ಮನೆಗೆ ಹೋಗಬೇಕು ಅಂತ ಗುರುತು ಹಾಕಿಕೊಳ್ಳುತ್ತಾರೆ. ನಮ್ಮಲ್ಲಿ ಗಂಟೆಯ ಸದ್ದು ಕೇಳಿ ಯಾರು ಹೋದರು ಅಂತ ವಿಚಾರಿಸುವ ಹಾಗೆ. ಮಳೆಯಂತೂ ನಮ್ಮ ಆಟಿ ಮಳೆಯೇ, ಆದರೆ ಐಸು ಕರಗಿಸಿ ಸುರಿದ ಹಾಗೆ ತಣ್ಣಗೆ. ಪೂಜೆಗೆ ಬರುವವರಲ್ಲಿ ಇಲ್ಲಿಯ ಮುದುಕರು ಮತ್ತು ನಾವು, ಕೇರಳದವರು, ಫಿಲಿಪ್ಪೀನಿನವರು. ಕೊಯರಿನಲ್ಲಿ ಅರ್ಧಕ್ಕರ್ಧ ನಾವೇ. ಆನಿಯ ಮೊದಲ ಪರಮ ಪ್ರಸಾದದ ಫೋಟೋ ನೋಡಿದಿರಲ್ಲ. ಅವತ್ತು ಮನೆ ಮನೆಯ ಅಂಗಳದಲ್ಲಿ ಮಕ್ಕಳು ಕುಣಿಯುವ ಗಾಳಿ ತುಂಬಿದ ಕೋಟೆ ಇತ್ತು. ನಾವು ಅದನ್ನು ತರಿಸಲಿಲ್ಲ. ನೀರುದೋಸೆ, ಕೋಳಿ ಸುಕ್ಕ ಮಾಡಿದೆ. ಪಕ್ಕದ ಮನೆಯವರು ಆರು ದೋಸೆ ತಿಂದರು!

ಎಲ್ಲಿಗೋ ಹೋದೆ. ಮಮ್ಮಿ, ನಿನ್ನ ಶುಗರ್ ಮಾತ್ರೆಯ ವಿಷಯ. ಪೂಜೆಗೆ ಹೋಗುವ ದಿನ ಮಾತ್ರೆಯೂ ಇಲ್ಲ, ನೀರೂ ಇಲ್ಲ, ಹೊಟ್ಟೆ ಖಾಲಿ ಅಂತ ಲೀನಾ ಹೇಳಿದಳು. ದಯವಿಟ್ಟು ಹಾಗೆ ಮಾಡಬೇಡ. ರಾತ್ರಿಯಿಂದ ಉಪವಾಸ ಇರಬೇಕು ಅನ್ನುವುದು ನಿನ್ನ ಅಮ್ಮನ ಕಾಲದ್ದು. 1964ರಿಂದ ಪರಮ ಪ್ರಸಾದಕ್ಕೆ ಮೊದಲು ಒಂದು ಗಂಟೆ ಸಾಕು. ನೀರಿಗೆ, ಔಷಧಿಗೆ ಆ ಒಂದು ಗಂಟೆಯೂ ಇಲ್ಲ. ಕಾಯಿಲೆಯವರಿಗೆ, ವಯಸ್ಸಾದವರಿಗೆ, ಅವರನ್ನು ನೋಡಿಕೊಳ್ಳುವವರಿಗೆ ಊಟದ ಉಪವಾಸವೂ ಬೇಕಿಲ್ಲ. ಇದು ಇಗರ್ಜಿಯ ಕಾನೂನಿನಲ್ಲೇ ಇದೆ, ನಾನು ಕಟ್ಟಿದ್ದಲ್ಲ, ವಿಗಾರರನ್ನೇ ಕೇಳು. ಶುಗರ್ ಇಳಿದರೆ ತಾನೇ ಆಪರೇಷನ್? ಮಾತ್ರೆ ಹೊತ್ತಿಗೆ ಸರಿಯಾಗಿ ತೆಗೆದುಕೋ, ತಿಂಡಿ ತಿಂದೇ ಹೋಗು.

ಫಾದರ್ ಕಾರು ಅಂಗಳಕ್ಕೆ ಬಂದರೆ ವಾಳೆಯ ಜನವೆಲ್ಲ, ನಮ್ಮ ಸುತ್ತಲಿನ ಕ್ರೈಸ್ತ ಮನೆಯವರೆಲ್ಲ, ಅಳುಮೋರೆ ಹಾಕಿಕೊಂಡು ಬರುತ್ತಾರೆ ಅನ್ನುವುದು ನಿನ್ನ ಇನ್ನೊಂದು ಹೆದರಿಕೆ. ಹಾಗಾದರೆ ಮನೆಯಲ್ಲಿ ಬೇಡವೇ ಬೇಡ. 30ನೇ ತಾರೀಕಿಗೆ ಮೊಂತಿ ಫೆಸ್ತಿನ, ಮಾತೆ ಮರಿಯಮ್ಮನ ಹುಟ್ಟುಹಬ್ಬದ, ಒಂಬತ್ತು ದಿನದ ಪ್ರಾರ್ಥನೆ ನೊವೆನಾ ಶುರು. ಹೇಗೂ ನೀನು ಮಕ್ಕಳಿಗೆ ಹೂವು ಕೊಯ್ದು ಕೊಟ್ಟು ಇಗರ್ಜಿಗೆ ಹೋಗುತ್ತೀ. ಒಂದು ದಿನ ನೊವೆನಾ ಮುಗಿದು ಜನ ಚದುರಿದ ಮೇಲೆ ಅಲ್ಲೇ ಬೆಂಚಿನ ಮೇಲೆ ಕೂತುಕೋ. ಮೊದಲು ಪಾಪನಿವೇದನೆ ಮಾಡು, ಆಮೇಲೆ ಅಭ್ಯಂಗ. ಐವನ್ ಮುಂಚಿತವಾಗಿ ಫಾದರಿಗೆ ಹೇಳಿ ಇಡಲಿ.

ಪಪ್ಪಾ, ಈಗ ನಿಮ್ಮ ಹತ್ತಿರ ಒಂದು ಕೇಳಬೇಕು. ಇದನ್ನು ಬರೆಯಲಿಕ್ಕೇ ಇಷ್ಟು ಉದ್ದ ಬರೆದೆ. ಅವತ್ತು ನೀವೂ ಮಮ್ಮಿಯ ಪಕ್ಕದಲ್ಲಿ ಕೂತು ಹಚ್ಚಿಸಿಕೊಳ್ಳಿ. ದೊಡ್ಡ ಕಾಯಿಲೆ ಇಲ್ಲದಿದ್ದರೂ, ವಯಸ್ಸಿನಿಂದ ತುಂಬಾ ನಿತ್ರಾಣ ಆದವರಿಗೂ ಇದನ್ನು ಕೊಡುತ್ತಾರೆ. ನಿಮಗೆ ಎಂಬತ್ತಾಯಿತು. ಮೆಟ್ಟಿಲು ಹತ್ತುವಾಗ ಐವನ್ ಭುಜ ಬೇಕು. ಎರಡು ಸಲ ಬಚ್ಚಲಲ್ಲಿ ಬಿದ್ದದ್ದನ್ನು ನನಗೆ ಬರೆಯಲಿಲ್ಲ, ಆದರೂ ಗೊತ್ತಾಗಿದೆ. ನೀವು ಜೊತೆಗೆ ಕೂತರೆ ಮಮ್ಮಿಗೆ ತನ್ನೊಬ್ಬಳನ್ನೇ ಬೇರೆ ಮಾಡಿದರು ಅನಿಸುವುದಿಲ್ಲ. ಮದುವೆಗೆ ಜೊತೆಯಲ್ಲಿ ನಿಂತವರು ಇದಕ್ಕೂ ಜೊತೆಯಲ್ಲಿ ಕೂರಿ. ನೀವು ಹೂಂ ಅಂದರೆ ಅವಳು ಬೇಡ ಅನ್ನುವುದಿಲ್ಲ. ನನಗೆ ಗೊತ್ತು.

ಆಪರೇಷನ್ ಬಗ್ಗೆ ಸ್ವಲ್ಪವೂ ಚಿಂತೆ ಬೇಡ. ಎಚ್ಚರವಾದಾಗ ಗಂಟಲಲ್ಲಿ ಕೊಳವೆ ಇರಬಹುದು, ಮಾತು ಹೊರಡುವುದಿಲ್ಲ, ಅದಕ್ಕೆ ಗಾಬರಿಯಾಗಬೇಡ ಮಮ್ಮಿ, ತೆಗೆಯುತ್ತಾರೆ. ಕೆಮ್ಮು ಬಂದರೆ ಎದೆಗೆ ದಿಂಬು ಅಪ್ಪಿಕೊಂಡು ಕೆಮ್ಮು. ಎರಡು ಮೂರು ತಿಂಗಳು ಕೊಡಪಾನ ಎತ್ತುವ ಹಾಗಿಲ್ಲ. ರಕ್ತ ಬೇಕಾದರೆ ಇಗರ್ಜಿಯ ಯುವಜನರ ಸಂಘ ಐಸಿವೈಎಂ ಹುಡುಗರಿದ್ದಾರೆ, ವಾಳೆಯ ಮುಂದಾಳು ಗುರಿಕಾರರಿಗೆ ಒಂದು ಮಾತು ಹೇಳಿದರೆ ಸಾಕು, ಸಂಕೋಚ ಯಾಕೆ? ಬೇರೆಯವರ ಕಷ್ಟಕ್ಕೆ ನಾವು ಎಷ್ಟು ಮನೆಗೆ ಹೋಗಿಲ್ಲ? ಹಣದ ಚಿಂತೆಯೂ ಬೇಡ, ಬ್ಯಾಂಕಿನ ಡೆಪಾಸಿಟ್ ಮುರಿಯಬೇಡಿ. ಇಲ್ಲಿಯ ಕ್ರೆಡಿಟ್ ಯೂನಿಯನ್‌ನಲ್ಲಿ ನಮ್ಮ ಸೊಸೈಟಿಯ ಹಾಗೇ ಸಾಲ ಕೊಡುತ್ತಾರೆ, ಕೇಳಿ ಆಗಿದೆ. ಎಲ್ಲ ಸರಿಯಾಗುತ್ತದೆ. ಖಂಡಿತ ಸರಿಯಾಗುತ್ತದೆ.

ಹಬ್ಬದ ದಿನ ಹೊಸ ತೆನೆ ಮನೆಗೆ ಬಂದ ಮೇಲೆ ಹೋದ ವರ್ಷದ ಹಾಗೆ ನಾಲ್ಕು ಕಾಳು ಲಕೋಟೆಯಲ್ಲಿ ಹಾಕಿ. ಮಮ್ಮಿಯೇ ಹಾಕಲಿ. ಇಲ್ಲಿ ನಾವು ಆರು ಮನೆಯವರು ಸೇರುತ್ತೇವೆ, ತರಕಾರಿ ಈ ಸಲ ಏಳು ಬಗೆ ಮಾಡೋಣ ಅಂತಿದ್ದೇವೆ. ಹರಿವೆ ಸಿಗುವುದಿಲ್ಲ, ಬೆಂಡೆ ಸಿಗುತ್ತದೆ.

ರಾತ್ರಿ ಡ್ಯೂಟಿಗೆ ಹೊತ್ತಾಯಿತು, ಬಸ್ಸು ಏಳೂಕಾಲಕ್ಕೆ. ಐವನ್, ಫಾದರಿಗೆ ನಾಳೆಯೇ ಹೇಳು, ಹೇಳಿ ನನಗೆ ಮೆಸೇಜ್ ಮಾಡು. ಆನಿಯ ಮುತ್ತುಗಳು. ಆಶೀರ್ವಾದ ಮಾಡಿ.

ನಿಮ್ಮ
ಜೆಸಿಂತಾ