ಚಿತ್ರದುರ್ಗದ ಹೆದ್ದಾರಿಯಲ್ಲಿ ಸಿಕ್ಕ ಯಜಮಾನರಿಗೆ

ಯಜಮಾನ್ರೇ, ಹೆಸರು ಕೇಳುವಷ್ಟರಲ್ಲಿ ಹೊರಟುಬಿಟ್ಟಿರಿ; ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಚಿತ್ರದುರ್ಗ ದಾಟಿದ ಮೇಲೆ ನಮ್ಮ ಹಳೆಯ ಅಂಬಾಸಿಡರ್ ಎಳೆಯದೆ, ವಿಪರೀತ ಕಾದು ನಿಂತಾಗ ನೋಡಿದವರೆಲ್ಲ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿನದೇ ತೊಂದರೆ ಅಂದರು. ನೀವೊಬ್ಬರೇ, ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ತೆಗೆದಿರಿ. ಅದರೊಳಗೆ ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಪಾಯಿಂಟಿನ ಉಜ್ಜುವ ಹಿಮ್ಮಡಿ ಸವೆದು ಗ್ಯಾಪ್ ಕಿರಿದಾದರೆ ಕಿಡಿ ತಡವಾಗುತ್ತದೆ, ಹಾಗಾಗಿ ಮೊದಲು ಗ್ಯಾಪ್, ಆಮೇಲೆ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಎಂದಿರಿ. ಸಂದು ಅಳೆಯುವ ತೆಳು ಪಟ್ಟಿಯ ಫೀಲರ್ ಗೇಜ್ ಹಿಡಿದು ಗ್ಯಾಪ್ 0.4 ಮಿ.ಮೀ. ಇಟ್ಟು, ಎಂಜಿನ್ ಮುಂದಿನ ಪುಲ್ಲಿಯ ಗುರುತನ್ನು ಟೈಮಿಂಗ್ ಗುರುತಿಗೆ ಕೂಡಿಸಿ, ಪಾಯಿಂಟಿಗೆ ಬಲ್ಬು ಕಟ್ಟಿದಿರಿ. ಪಾಯಿಂಟ್ ಬಿಡುವ ಕ್ಷಣಕ್ಕೇ ಬಲ್ಬು ಹೊತ್ತುವಂತೆ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿದ ಆ ಕೈಯ ಹದ! ಕಿಡಿಯ ಹೊತ್ತು ನೋಡುವ ಟೈಮಿಂಗ್ ಲೈಟ್ ಇಲ್ಲದೆ ಇಷ್ಟು ಕರಾರುವಾಕ್ಕಾದ ಕೆಲಸವನ್ನು ನಾನು ಕಂಡಿರಲಿಲ್ಲ. ಗಾಡಿ ದಾವಣಗೆರೆವರೆಗೆ ಸಲೀಸಾಗಿ ಬಂತು. ದುಡ್ಡು ಮುಟ್ಟಲಿಲ್ಲ ನೀವು. ಅದಕ್ಕಿಂತ, ಪಕ್ಕದಲ್ಲಿ ನಿಂತಿದ್ದ ನನ್ನ ಮಗಳಿಗೆ ಪ್ರತಿಯೊಂದನ್ನೂ ಬಿಡಿಸಿ ಹೇಳಿದಿರಲ್ಲ, ಆ ಋಣ ದೊಡ್ಡದು. ಈಗ ಗ್ಯಾಪ್ ನೋಡುವವಳು ಅವಳೇ.