ಜನರಲ್ ತಿಮ್ಮಯ್ಯ: ರಾಜೀನಾಮೆಯಾಚೆಗಿನ ಬದುಕು

ಮಾನ್ಯರೇ,

ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಕೆ.ಎಸ್. ತಿಮ್ಮಯ್ಯನವರ ಪ್ರಸ್ತಾಪ ಬಂದಾಗಲೆಲ್ಲ ಮಾತು 1959ರ ರಾಜೀನಾಮೆಗೇ ಬಂದು ನಿಲ್ಲುತ್ತದೆ. ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಂದಿಗಿನ ಭಿನ್ನಾಭಿಪ್ರಾಯದಿಂದ ಅವರು ಆ ಹುದ್ದೆಗೆ ರಾಜೀನಾಮೆ ಕೊಟ್ಟದ್ದೂ, ಪ್ರಧಾನಿ ನೆಹರೂ ಮನವೊಲಿಸಿದ ಮೇಲೆ ಹಿಂಪಡೆದದ್ದೂ ನಿಜ. ಆದರೆ 1926ರಲ್ಲಿ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೇನಾ ಶಾಲೆಯಿಂದ ಅಧಿಕಾರಿಯಾಗಿ ಹೊರಬಂದು, ಬರ್ಮಾ ರಣರಂಗದಲ್ಲಿ ಬ್ರಿಗೇಡೊಂದನ್ನು ಮುನ್ನಡೆಸಿದ ಮಡಿಕೇರಿಯ ಈ ಸೇನಾನಿಯನ್ನು ಕೆಲವೇ ದಿನಗಳ ಆ ಪ್ರಸಂಗದಿಂದ ಅಳೆಯುವುದು ನ್ಯಾಯವೆಂದು ನನಗನ್ನಿಸುವುದಿಲ್ಲ.

ಅವರನ್ನು ಅರಿಯಬೇಕಾದರೆ, ಕಾಶ್ಮೀರಕ್ಕಾಗಿ ಪಾಕಿಸ್ತಾನದೊಂದಿಗೆ ಯುದ್ಧ ನಡೆದಿದ್ದ 1948ರಲ್ಲಿ, ಶ್ರೀನಗರದಿಂದ ಲಡಾಖ್‌ಗೆ ಹೋಗುವ ದಾರಿಯ ಜೋಜಿಲಾ ಕಣಿವೆಗೆ ಹೋಗಬೇಕು. ಸೆಪ್ಟೆಂಬರ್‌ನಲ್ಲಿ ನಮ್ಮ ಕಾಲಾಳುಗಳ ದಾಳಿ ವಿಫಲವಾಗಿ, ಲಡಾಖ್‌ನ ದಾರಿ ಮುಚ್ಚಿಹೋಗಿತ್ತು. ಸುಮಾರು 11,500 ಅಡಿ ಎತ್ತರಕ್ಕೆ ಟ್ಯಾಂಕ್ ಏರಿಸುವ ನಿರ್ಧಾರವಾದಾಗ, ಶತ್ರುವಿಗೆ ಸುಳಿವು ಸಿಗದಂತೆ ಹಗುರ ಸ್ಟುವರ್ಟ್ ಟ್ಯಾಂಕ್‌ಗಳ ಗೋಪುರಗಳನ್ನು, ಎಂದರೆ ತೋಪು ಕೂರಿಸಿದ ಮೇಲ್ಭಾಗಗಳನ್ನು, ಕಳಚಿ ಸಾಗಿಸಲಾಯಿತು. ಹೇಸರಗತ್ತೆಗಳು ಓಡಾಡುತ್ತಿದ್ದ ಕಾಲುದಾರಿಯನ್ನು ಸೇನೆಯ ಇಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನ ಯೋಧರು ಟ್ಯಾಂಕ್ ಹೋಗುವಷ್ಟು ಅಗಲ ಮಾಡಿದರು. ಈ ಪಡೆಯ ನೆಲೆ ನಮ್ಮ ಬೆಂಗಳೂರೇ ಎಂಬುದು ಎಷ್ಟು ಮಂದಿಗೆ ಗೊತ್ತಿದೆಯೋ! ನವೆಂಬರ್ 1ರಂದು ಹಿಮ ಬೀಳುತ್ತಿದ್ದಾಗಲೇ ಟ್ಯಾಂಕ್‌ಗಳು ಕಣಿವೆಯೊಳಗೆ ನುಗ್ಗಿದವು. ಡಿವಿಷನ್‌ನ ಹೊಣೆ ಹೊತ್ತಿದ್ದ ತಿಮ್ಮಯ್ಯನವರು ಹಿಂದೆ ಕೂತು ವರದಿಗೆ ಕಾಯದೆ ಮುಂಚೂಣಿಯಲ್ಲೇ ಇದ್ದರು. ಅದೇ ವರ್ಷದ ಮೇ ತಿಂಗಳಲ್ಲಿ, ಆಗಷ್ಟೇ ಸಮತಟ್ಟು ಮಾಡಿದ್ದ ಲೇಹ್‌ನ ನೆಲದಲ್ಲಿ ವಾಯುಪಡೆಯ ಮೆಹರ್ ಸಿಂಗ್ ಅವರು ಮೊದಲ ಡಕೋಟಾ ವಿಮಾನ ಇಳಿಸಿದಾಗಲೂ ಅದರೊಳಗೆ ತಿಮ್ಮಯ್ಯನವರಿದ್ದರು.

ಮುಂದೆ ಕೊರಿಯಾ ಯುದ್ಧದ ನಂತರ ಅಲ್ಲಿ, ತಾಯ್ನಾಡಿಗೆ ಮರಳಲು ಒಪ್ಪದ ಸಾವಿರಾರು ಯುದ್ಧಕೈದಿಗಳ ವಿಚಾರವನ್ನು ನಿರ್ವಹಿಸಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರು ಅಧ್ಯಕ್ಷರಾದರು. ಎರಡೂ ಬಣಗಳು ಪ್ರತಿ ಹೆಜ್ಜೆಗೂ ತಕರಾರು ತೆಗೆಯುತ್ತಿದ್ದ ಆ ಕೆಲಸಕ್ಕೆ ಬೇಕಾದ ತಾಳ್ಮೆ ಯುದ್ಧದ ಧೈರ್ಯಕ್ಕಿಂತ ಕಡಿಮೆಯದೇನಲ್ಲ.

1961ರ ಮೇ ತಿಂಗಳಲ್ಲಿ ನಿವೃತ್ತರಾದ ಅವರು ಮಡಿಕೇರಿಯಲ್ಲಿ ನೆಮ್ಮದಿಯಾಗಿ ಇದ್ದುಬಿಡಬಹುದಿತ್ತು. ಆದರೆ 1964ರಲ್ಲಿ ಗ್ರೀಕ್ ಮತ್ತು ತುರ್ಕಿ ಸಮುದಾಯಗಳ ಕಲಹದಿಂದ ತತ್ತರಿಸಿದ್ದ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ನಾಯಕತ್ವ ವಹಿಸಿಕೊಂಡು, 1965ರ ಡಿಸೆಂಬರ್ 18ರಂದು, 59ನೇ ವಯಸ್ಸಿನಲ್ಲಿ, ಕರ್ತವ್ಯದಲ್ಲಿರುವಾಗಲೇ ಅಲ್ಲಿ ನಿಧನರಾದರು. ಮರುವರ್ಷವೇ ಆ ಪುಟ್ಟ ದೇಶ ಅವರ ಸ್ಮರಣೆಗೆ ಅಂಚೆಚೀಟಿ ಹೊರತಂದಿತು. ನಮ್ಮಲ್ಲೋ, ಅವರ ಹೆಸರಿಟ್ಟ ಬೆಂಗಳೂರಿನ ರಸ್ತೆಯನ್ನು ಇಂದಿಗೂ ರಿಚ್ಮಂಡ್ ರಸ್ತೆಯೆಂದೇ ಕರೆಯುತ್ತೇವೆ.

ಮಡಿಕೇರಿಯ ಅವರ ಮನೆ ‘ಸನ್ನಿ ಸೈಡ್’ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಅಲ್ಲಿಗೆ ಮಕ್ಕಳನ್ನು ಕರೆದೊಯ್ಯುವ ಶಿಕ್ಷಕರು ಜೋಜಿಲಾ ಮತ್ತು ಸೈಪ್ರಸ್‌ಗಳನ್ನು ಭೂಪಟದಲ್ಲಿ ಮೊದಲೇ ತೋರಿಸಿರಲಿ. ತಮ್ಮ ಪತ್ರಿಕೆಯೂ ಮುಂದಿನ ಬಾರಿ ಅವರ ಬಗ್ಗೆ ಬರೆಯುವಾಗ ರಾಜೀನಾಮೆಗೆ ಒಂದು ಪ್ಯಾರಾ ಸಾಕೆಂದು ಭಾವಿಸಿ, ಉಳಿದ ಜಾಗವನ್ನು ಈ ಸಂಗತಿಗಳಿಗೆ ಕೊಡಬೇಕೆಂದು ಕೋರುತ್ತೇನೆ.

– ಓರ್ವ ಓದುಗ, ಬೆಂಗಳೂರು