ಯಾವ ಊರಿನವರ ಮಾತು?

ತೀರ್ಥಹಳ್ಳಿ

ಚಿ. ಮೇದಿನಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ.

ಇರಾಕಿನ ಅಬು ಘ್ರೈಬ್ ಜೈಲಿನಲ್ಲಿ ಅಮೆರಿಕದ ಸೈನಿಕರು ಕೈದಿಗಳಿಗೆ ಕೊಟ್ಟ ಹಿಂಸೆಯ ಬಗ್ಗೆ ನೀನು ಬರೆದು ಕಳಿಸಿದ ಪ್ರಬಂಧವನ್ನು ಎರಡು ಸಲ ಓದಿದೆ. ಕಷ್ಟಪಟ್ಟು ಬರೆದಿದ್ದೀಯ, ಸಂತೋಷವಾಯಿತು. ಆದರೆ ‘ಸ್ಥಳೀಯರು ಏನಂದರು, ಮಾಧ್ಯಮ ಏನಂದಿತು’ ಅನ್ನುವ ಭಾಗದಲ್ಲಿ ಮಾತಾಡಿದವರೆಲ್ಲ ಅಮೆರಿಕದ ಕಂಬರ್ಲೆಂಡ್‌ನವರೇ. ಅಲ್ಲಮ್ಮ, ಆ ಜೈಲು ಇದ್ದದ್ದು ಬಾಗ್ದಾದಿನಿಂದ ಪಶ್ಚಿಮಕ್ಕೆ ಮೂವತ್ತು ಕಿಲೋಮೀಟರ್ ದೂರದಲ್ಲಿ. ಅಲ್ಲಿಯವರೆಲ್ಲ ಎಲ್ಲಿ ಹೋದರು?

ಕಂಬರ್ಲೆಂಡ್‌ನವರ ಸಂಕಟ ಸುಳ್ಳು ಅನ್ನುತ್ತಿಲ್ಲ. ಆ ಹಿಂಸೆಯ ಚಿತ್ರಗಳಲ್ಲಿ ಸಿಕ್ಕಿಬಿದ್ದ ಸೈನಿಕರಿದ್ದ 372ನೇ ಮಿಲಿಟರಿ ಪೊಲೀಸ್ ತುಕಡಿಯ ನೆಲೆ ಪಕ್ಕದ ಕ್ರೆಸಪ್‌ಟೌನ್‌ನಲ್ಲಿತ್ತು. ಅವರು ಮೀಸಲು ಪಡೆಯವರು, ಊರಿನಲ್ಲಿ ಎಲ್ಲರಿಗೂ ಪರಿಚಿತರು. 2004ರ ಏಪ್ರಿಲ್ 28ರಂದು ಸಿಬಿಎಸ್ ಚಾನೆಲ್ ಆ ಚಿತ್ರಗಳನ್ನು ತೋರಿಸಿದ ಮೇಲೆ ಟಿವಿಯವರು ಊರಿಗೆ ಮುತ್ತಿಗೆ ಹಾಕಿದರು. ಕೆಲವರು ಮಾಡಿದ್ದಕ್ಕೆ ನಮಗೆಲ್ಲ ಮಸಿ ಬಳಿದರು ಅಂತ ಜನಕ್ಕೆ ಸಿಟ್ಟು. ದೊಡ್ಡವರನ್ನು ಬಿಟ್ಟು ನಮ್ಮ ಹುಡುಗರನ್ನು ಹಿಡಿದರು ಅನ್ನುವ ದೂರಿನಲ್ಲಿ ಹುರುಳೂ ಇತ್ತು. ಜೈಲಿಗೆ ಹೋದವರೆಲ್ಲ ಕೆಳದರ್ಜೆಯವರೇ; ಜೈಲಿನ ಹೊಣೆ ಹೊತ್ತಿದ್ದ ಬ್ರಿಗೇಡಿಯರ್ ಜನರಲ್‌ಗೆ ಆದದ್ದು ಹಿಂಬಡ್ತಿ.

ಆದರೆ ಅದೇ ತುಕಡಿಯ ಜೋಸೆಫ್ ಡಾರ್ಬಿಯೂ ಆ ಕಡೆಯವನೇ ತಾನೆ? 2004ರ ಜನವರಿಯಲ್ಲಿ ಚಿತ್ರಗಳ ಸಿಡಿಯನ್ನು ಸೇನೆಯ ತನಿಖೆಯವರಿಗೆ ಮುಟ್ಟಿಸಿದ ಹುಡುಗ. ಹೆಸರು ಗುಟ್ಟಾಗಿರುತ್ತದೆ ಅಂತ ನಂಬಿದ್ದ. ಮೇ ತಿಂಗಳಲ್ಲಿ ಅಮೆರಿಕದ ರಕ್ಷಣಾ ಸಚಿವ ರಮ್ಸ್‌ಫೆಲ್ಡ್ ಸಂಸತ್ತಿನ ವಿಚಾರಣೆಯಲ್ಲಿ ಕೂತು, ಟಿವಿಯಲ್ಲಿ ನೇರಪ್ರಸಾರವಾಗುತ್ತಿರುವಾಗಲೇ, ಆ ಹೆಸರು ಹೇಳಿಬಿಟ್ಟರು. ಆ ಹೊತ್ತಿಗೆ ಡಾರ್ಬಿ ಇರಾಕಿನಲ್ಲಿ ಸೇನೆಯ ಊಟದ ಹಾಲ್‌ನಲ್ಲಿ, ನೂರಾರು ಸೈನಿಕರ ನಡುವೆ ಊಟಕ್ಕೆ ಕೂತಿದ್ದ. ಅಲ್ಲೇ ಟಿವಿ ಓಡುತ್ತಿತ್ತು. ಊರಿನಲ್ಲಿ ಹಲವರು ಅವನನ್ನು ದ್ರೋಹಿ ಅಂದರು. ಗಂಡ ಹೆಂಡತಿ ಮತ್ತೆ ಅಲ್ಲಿ ಬಾಳುವ ಹಾಗಾಗಲಿಲ್ಲ. ನಿನ್ನ ‘ಸ್ಥಳೀಯರ’ ಸಾಲಿನಲ್ಲಿ ಅವನೂ ಇಲ್ಲ ನೋಡು. ಊರು ಹೊರಗೆ ಹಾಕಿದವನನ್ನು ನೀನೂ ಹೊರಗಿಟ್ಟೆ.

ನನ್ನ ತಪ್ಪೊಂದನ್ನು ಇಷ್ಟು ವರ್ಷ ನಿಮ್ಮಮ್ಮನಿಗೂ ಹೇಳಿರಲಿಲ್ಲ. 2003ರ ನವೆಂಬರ್ ಮೊದಲ ವಾರ, ರಾತ್ರಿ ಪಾಳಿ. ವಿದೇಶಿ ಸುದ್ದಿ ನೋಡುವವನು ನಾನು. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಚಾರ್ಲ್ಸ್ ಹ್ಯಾನ್ಲಿ ಬಿಡುಗಡೆಯಾದ ಇರಾಕಿ ಕೈದಿಗಳನ್ನು ಮಾತಾಡಿಸಿ ಬರೆದ ವರದಿ ಬಂತು. ಕೈಕಾಲು ಕಟ್ಟಿ ಗಂಟೆಗಟ್ಟಲೆ ಬಿಸಿಲಲ್ಲಿ ಮಲಗಿಸುತ್ತಿದ್ದರು ಅಂತ ಅವರು ಹೇಳಿದ್ದರು. ಸೇನೆಯ ಉತ್ತರವಿಲ್ಲ, ಫೋಟೋ ಇಲ್ಲ, ಜೈಲಿಂದ ಬಂದವರು ಇನ್ನೇನು ಹೇಳುತ್ತಾರೆ ಅಂದುಕೊಂಡು ಪಕ್ಕಕ್ಕಿಟ್ಟೆ. ಮರುದಿನದ ಪೇಪರಿನಲ್ಲಿ ಒಂದು ಪ್ಯಾರಾ ಕೂಡ ಇರಲಿಲ್ಲ. ಆರು ತಿಂಗಳ ಮೇಲೆ, ಮುಸುಕು ಹಾಕಿ, ಕೈಗೆ ತಂತಿ ಕಟ್ಟಿ, ಪೆಟ್ಟಿಗೆಯ ಮೇಲೆ ನಿಲ್ಲಿಸಿದ ಮನುಷ್ಯನ ಚಿತ್ರ ಬಂದಾಗ ಅದನ್ನು ಮುಖಪುಟಕ್ಕೆ ಹಾಕಿದವನೂ ನಾನೇ. ಅವನ ತೋಳುಗಳು ಎರಡು ಕಡೆಗೂ ಚಾಚಿಕೊಂಡಿದ್ದವು. ಅಳತೆಗೆ ಚಿತ್ರ ಕತ್ತರಿಸುವಾಗ ತಂತಿ ಬಿಟ್ಟುಹೋಗದಂತೆ ನೋಡಿಕೊಳ್ಳುತ್ತಿದ್ದೆ, ಆಗ ನವೆಂಬರಿನ ಆ ರಾತ್ರಿ ನೆನಪಾಗಿ ಕೈ ನಿಂತುಹೋಯಿತು.

ಮಕ್ಕಳ ಸುದ್ದಿಗಾಗಿ ಜೈಲಿನ ಬಾಗಿಲಲ್ಲಿ ಕಾಯುತ್ತಿದ್ದ ತಾಯಂದಿರಿಗೆ ನಮ್ಮ ಮುಖಪುಟ ಬೇಕಿರಲಿಲ್ಲ. ಸದ್ದಾಮನ ಕಾಲದಿಂದಲೂ ಆ ಗೋಡೆಯ ಒಳಗೆ ಏನಾಗುತ್ತದೆ ಅಂತ ಅಲ್ಲಿಯವರಿಗೆ ಗೊತ್ತಿತ್ತು. ಇರಾಕಿನಲ್ಲಿ ಹಿಡಿದವರಲ್ಲಿ ನೂರಕ್ಕೆ 70ರಿಂದ 90 ಮಂದಿ ತಪ್ಪಾಗಿ ಸಿಕ್ಕವರು ಅಂತ ಸೇನೆಯ ಕೆಲವು ಗುಪ್ತಚರ ಅಧಿಕಾರಿಗಳೇ ರೆಡ್‌ಕ್ರಾಸ್‌ಗೆ ಹೇಳಿದ್ದರು. 2004ರ ಫೆಬ್ರವರಿ ವರದಿಯಲ್ಲಿದೆ, ತೆಗೆದು ಓದು.

2024ರ ನವೆಂಬರಿನಲ್ಲಿ ವರ್ಜೀನಿಯಾದ ಜ್ಯೂರಿಯೊಂದು ಆ ಜೈಲಿನಲ್ಲಿದ್ದ ಮೂವರು ಇರಾಕಿಗಳಿಗೆ 4.2 ಕೋಟಿ ಡಾಲರ್ ಕೊಡಬೇಕೆಂದು ಸೇನೆಯ ಗುತ್ತಿಗೆ ಕಂಪನಿಗೆ ಹೇಳಿತು. ಕೇಸು ಹಾಕಿ ಹದಿನಾರು ವರ್ಷವಾಗಿತ್ತು. ಒಬ್ಬರು ಶಾಲೆಯ ಹೆಡ್‌ಮಾಸ್ಟರ್, ಒಬ್ಬರು ಹಣ್ಣಿನ ವ್ಯಾಪಾರಿ, ಇನ್ನೊಬ್ಬರು ನಿನ್ನ ಹಾಗೆ ಪತ್ರಕರ್ತರು. ನ್ಯಾಯಾಲಯದಲ್ಲಿ ಮೂವರ ಹೇಳಿಕೆಯೂ ದಾಖಲಾಗಿದೆ.

ಆ ಭಾಗವನ್ನು ತಿದ್ದಬೇಡ, ಪೂರ್ತಿ ಹೊಸದಾಗಿ ಬರಿ. ಹಣ್ಣಿನ ವ್ಯಾಪಾರಿಯಿಂದ ಶುರು ಮಾಡು. ಕಂಬರ್ಲೆಂಡ್‌ನವರನ್ನೂ ಇಟ್ಟುಕೋ, ಡಾರ್ಬಿಯನ್ನು ಅವರ ಪಕ್ಕದಲ್ಲೇ ಕೂರಿಸು. ಬರೆದಾದ ಮೇಲೆ ಪ್ರಿಂಟ್ ತೆಗೆದು ಅಂಚೆಯಲ್ಲಿ ಹಾಕು, ಫೋನಿನಲ್ಲಿ ನನಗೆ ಓದಲು ಕಣ್ಣು ಸಾಲದು.

ಇಂತಿ,
ನಿನ್ನ ಮಾವ